ನಿಸ್ತಂತು ಜಾಲದಲ್ಲಿ ಸರದಿಯ ಪ್ರಶ್ನೆ: ಸವಾಲ್-ಜವಾಬ್ ಪರಂಪರೆಯ ಹಿನ್ನೆಲೆಯಲ್ಲಿ

ವಿಜಯಪುರ ಸೀಮೆಯ ಹಾಡುಗಾರಿಕೆಯಲ್ಲಿ ಸರದಿಗೆ ವಿಶೇಷ ಸ್ಥಾನವಿದೆ. ಮಹಿಪತಿದಾಸರ ನೆಲೆಯೆಂದು ಹೆಸರಾದ ಕಾಖಂಡಕಿ ಹಾಗೂ ಅದರ ಸುತ್ತಲಿನ ಊರುಗಳ ಭಜನೆಯಲ್ಲಿ ಒಬ್ಬರು ಸೊಲ್ಲು ಹೇಳಿದ ಮೇಲೆ ಉಳಿದವರು ಅದನ್ನು ಎತ್ತಿಕೊಳ್ಳುತ್ತಾರೆ. ಗೀಗೀ ಮೇಳಗಳಲ್ಲಿ ಈ ಕಟ್ಟಳೆ ಇನ್ನೂ ಬಿಗಿಯಾದುದು. ಹರದೇಶಿಯವರು ಪುರುಷತತ್ತ್ವವನ್ನೂ ನಾಗೇಶಿಯವರು ಶಕ್ತಿತತ್ತ್ವವನ್ನೂ ಹಿರಿದೆಂದು ಸಾಧಿಸುವ ಸವಾಲ್-ಜವಾಬಿನಲ್ಲಿ ವಾದ ಎಷ್ಟೇ ಬಿರುಸಾಗಿರಲಿ, ಒಂದು ಮೇಳ ಹಾಡುವಾಗ ಇನ್ನೊಂದು ಮೇಳ ಕೇಳುತ್ತದೆ. ಹಲಸಂಗಿ ಗೆಳೆಯರು ‘ಜೀವನ ಸಂಗೀತ’ (1933) ಸಂಕಲನದ ಮೂಲಕ ಈ ಭಾಗದ ಲಾವಣಿಗಳ ಪಠ್ಯವನ್ನು ಉಳಿಸಿಕೊಟ್ಟರು. ಪಠ್ಯದಷ್ಟೇ ಈ ಸರದಿಯ ಕಟ್ಟಳೆಯೂ ಅಧ್ಯಯನಕ್ಕೆ ಅರ್ಹವಾದುದು.

ಒಂದೇ ಮಾಧ್ಯಮವನ್ನು ಹಲವರು ಹಂಚಿಕೊಂಡಾಗ ಯಾರು ಯಾವಾಗ ನುಡಿಯಬೇಕು ಎಂಬುದು ನಿಸ್ತಂತು ಜಾಲದ ಮೂಲಭೂತ ಪ್ರಶ್ನೆಯೂ ಹೌದು. ಈ ಜಾಲಗಳು ದತ್ತಾಂಶದ ಡಿಕ್ಕಿಯನ್ನು ತಪ್ಪಿಸುವ ಬಗೆಯನ್ನು ವಿವರಿಸಿ, ಅವು ನೀಡುವ ಸರದಿ ಎಷ್ಟರಮಟ್ಟಿಗೆ ನ್ಯಾಯಸಮ್ಮತ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಡಿಕ್ಕಿಯ ಸ್ವರೂಪವನ್ನು ತಿಳಿಯಲು ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆ ಉತ್ತಮ ನಿದರ್ಶನ. ಅಲ್ಲಿ ಒಬ್ಬರು ಮೆಲ್ಲನೆ ಆಡಿದ ಮಾತು ಎದುರು ಬದಿಯವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಹತ್ತಾರು ಜನ ಒಟ್ಟಿಗೆ ಕೂಗಿದರೆ ಯಾರ ಮಾತೂ ತಿಳಿಯುವುದಿಲ್ಲ. ಧ್ವನಿ ಅಲ್ಲಿಯೇ ಇರುತ್ತದೆ, ಆದರೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲಾಗದು. ನಿಸ್ತಂತು ಸಾಧನಗಳು ಮಾಹಿತಿಯನ್ನು ಪ್ಯಾಕೆಟ್ ಎಂಬ ಚಿಕ್ಕ ಕಂತುಗಳಾಗಿ ಕಳುಹಿಸುತ್ತವೆ. ಒಂದೇ ವಾಹಿನಿಯಲ್ಲಿ ಎರಡು ಕಂತುಗಳು ಏಕಕಾಲಕ್ಕೆ ಬಂದರೆ ಸಾಮಾನ್ಯವಾಗಿ ಎರಡೂ ಕೆಡುತ್ತವೆ. ಒಂದು ಬಹಳ ಪ್ರಬಲವಾಗಿದ್ದರೆ ಅದು ಉಳಿದು, ದುರ್ಬಲವಾದುದು ಅಳಿಯುತ್ತದೆ.

ಈ ಸಮಸ್ಯೆಗೆ ಮೊದಲ ಪ್ರಮುಖ ಉತ್ತರ ದೊರೆತದ್ದು ಹವಾಯಿ ದ್ವೀಪಗಳಲ್ಲಿ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ‘ಅಲೋಹಾ’ ಎಂಬ ರೇಡಿಯೋ ಜಾಲವನ್ನು ಕಾರ್ಯಗತಗೊಳಿಸಿದರು. ಅದರ ನಿಯಮ ಸರಳವಾದುದು: ಹೇಳಬೇಕಾದಾಗ ಹೇಳು, ಸ್ವೀಕೃತಿ ಬಾರದಿದ್ದರೆ ಲೆಕ್ಕವಿಲ್ಲದ ಒಂದಿಷ್ಟು ಹೊತ್ತು ಕಾದು ಮತ್ತೆ ಹೇಳು. ಈ ಕ್ರಮದಲ್ಲಿ ವಾಹಿನಿಯ ಸಾಮರ್ಥ್ಯದ ಗರಿಷ್ಠ ಬಳಕೆ ಶೇ. 18ರಷ್ಟು ಮಾತ್ರ. ಕಾಲವನ್ನು ಸಮನಾದ ತುಣುಕುಗಳಾಗಿ ವಿಭಜಿಸಿ, ತುಣುಕಿನ ಆರಂಭದಲ್ಲಿಯೇ ಕಳುಹಿಸಬೇಕೆಂಬ ಕಟ್ಟಳೆಯನ್ನು 1972ರಲ್ಲಿ ಲಾರೆನ್ಸ್ ರಾಬರ್ಟ್ಸ್ ಸೂಚಿಸಿದ ಮೇಲೆ ಅದು ಶೇ. 37ರ ಸಮೀಪಕ್ಕೆ ಏರಿತು.

ಮುಂದಿನ ಹೆಜ್ಜೆ, ನುಡಿಯುವ ಮುನ್ನ ಕೇಳುವುದು. ತಂತಿಯ ಈಥರ್ನೆಟ್ ಜಾಲದಲ್ಲಿ ಸಾಧನವು ಕಳುಹಿಸುತ್ತಲೇ ಆಲಿಸಿ, ಡಿಕ್ಕಿಯಾದರೆ ತಕ್ಷಣ ನಿಲ್ಲಿಸಬಲ್ಲದು. ನಿಸ್ತಂತು ಜಾಲದಲ್ಲಿ ಇದು ಕಷ್ಟಸಾಧ್ಯ. ದಪ್ಪು ಬಾರಿಸುವವನಿಗೆ ದೂರದ ತುಂತುಣಿ ಕೇಳಿಸದಂತೆ, ಸಾಧನದ ಸ್ವಂತ ಸಂಕೇತದ ಅಬ್ಬರದಲ್ಲಿ ಹೊರಗಿನ ಕ್ಷೀಣ ಸಂಕೇತ ಮುಳುಗಿಹೋಗುತ್ತದೆ. ಆದ್ದರಿಂದ 1997ರಲ್ಲಿ ರೂಪುಗೊಂಡ ಐಇಇಇ 802.11 ಮಾನದಂಡ, ಅಂದರೆ ವೈ-ಫೈಗೆ ಆಧಾರವಾದ ನಿಯಮಾವಳಿ, ಡಿಕ್ಕಿಯನ್ನು ಪತ್ತೆಹಚ್ಚುವುದಕ್ಕಿಂತ ತಪ್ಪಿಸುವುದಕ್ಕೆ ಒತ್ತು ಕೊಟ್ಟಿತು.

ಈ ನಿಯಮದಂತೆ ಸಾಧನವು ವಾಹಿನಿ ಬರಿದಾಗಿದೆಯೇ ಎಂದು ಆಲಿಸುತ್ತದೆ. ಗೊತ್ತುಪಡಿಸಿದ ಮೌನಾವಧಿ ಕಳೆದ ಮೇಲೆ, ಬಳಕೆಯಲ್ಲಿರುವ ಒಂದು ಕ್ರಮದಲ್ಲಿ, 0ಯಿಂದ 15ರವರೆಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸಿಕೊಂಡು ಹಿಂದಕ್ಕೆ ಎಣಿಸುತ್ತದೆ. ಪ್ರತಿ ಎಣಿಕೆಯ ಅವಧಿ ಒಂದು ಸೆಕೆಂಡಿನ ಹತ್ತು ಲಕ್ಷದ 9 ಭಾಗದಷ್ಟು. ನಡುವೆ ಬೇರೊಬ್ಬರು ನುಡಿದರೆ ಎಣಿಕೆ ನಿಲ್ಲುತ್ತದೆ, ಅವರು ಮುಗಿಸಿದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಹೀಗಾಗಿ ಕಾದ ಹೊತ್ತು ವ್ಯರ್ಥವಾಗುವುದಿಲ್ಲ. ಕಂತು ತಲುಪಿದ ಸ್ವೀಕೃತಿ ಬಾರದಿದ್ದರೆ ಸಂಖ್ಯೆಯ ವ್ಯಾಪ್ತಿ ಸುಮಾರು ಇಮ್ಮಡಿಯಾಗುತ್ತ 1023ರವರೆಗೆ ಬೆಳೆಯುತ್ತದೆ. ಸಂದಣಿ ಹೆಚ್ಚಿದಷ್ಟೂ ತಾಳ್ಮೆ ಹೆಚ್ಚಬೇಕೆಂಬುದು ಇದರ ತಾತ್ಪರ್ಯ.

ಆದರೆ ಆಲಿಸುವುದೊಂದೇ ಸಾಲದು. ಗ್ರಾಮ ಪಂಚಾಯಿತಿಯ ಕಟ್ಟಡದಲ್ಲಿ ಒಂದು ವೈ-ಫೈ ಕೇಂದ್ರವಿದೆಯೆಂದು ಭಾವಿಸೋಣ. ಅದರ ಎಡಕ್ಕಿರುವ ಮನೆಯ ಸಂಕೇತವೂ ಬಲಕ್ಕಿರುವ ಮನೆಯ ಸಂಕೇತವೂ ಕೇಂದ್ರಕ್ಕೆ ತಲುಪುತ್ತವೆ. ಆದರೆ ಪರಸ್ಪರ ತಲುಪುವುದಿಲ್ಲ. ಎರಡೂ ವಾಹಿನಿ ಬರಿದೆಂದು ತಿಳಿದು ಕಳುಹಿಸಿದಾಗ ಕೇಂದ್ರದಲ್ಲಿ ಡಿಕ್ಕಿಯಾಗುತ್ತದೆ. ಈ ‘ಮರೆಯ ನೆಲೆ’ಯ ಸಮಸ್ಯೆಯನ್ನು 1975ರಲ್ಲಿ ಫೌವಾದ್ ತೊಬಾಗಿ ಮತ್ತು ಲೆನಾರ್ಡ್ ಕ್ಲೈನ್‌ರಾಕ್ ವಿಶ್ಲೇಷಿಸಿದರು. ಮೊದಲು ಚಿಕ್ಕದೊಂದು ಕೋರಿಕೆ, ಅದಕ್ಕೆ ಕೇಂದ್ರದ ಒಪ್ಪಿಗೆ, ಆಮೇಲೆ ಮಾತು ಎಂಬುದು ಇದಕ್ಕೆ ಕಂಡುಕೊಂಡ ಪರಿಹಾರ. ಎಷ್ಟು ಹೊತ್ತಿನ ಮಾತು ಎಂಬುದು ಒಪ್ಪಿಗೆಯಲ್ಲಿಯೇ ಇರುವುದರಿಂದ ಅದನ್ನು ಕೇಳಿದ ಉಳಿದವರು ಅಷ್ಟು ಹೊತ್ತು ಸುಮ್ಮನಿರುತ್ತಾರೆ.

ನ್ಯಾಯದ ಪ್ರಶ್ನೆ ಇಲ್ಲಿಂದ ಮೊದಲಾಗುತ್ತದೆ. ಕೇಂದ್ರದಿಂದ ದೂರವಿರುವ ಸಾಧನದ ಸಂಕೇತ ಕ್ಷೀಣವಾದ್ದರಿಂದ ಅದು ನಿಧಾನಗತಿಯಲ್ಲಿ ಕಳುಹಿಸಬೇಕಾಗುತ್ತದೆ. ಅದೇ ಗಾತ್ರದ ಕಂತಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಮೂಲ ನಿಯಮ ಎಲ್ಲರಿಗೂ ಸಮನಾದ ಸರದಿ ಕೊಡುತ್ತದೆಯೇ ಹೊರತು ಸಮನಾದ ಕಾಲ ಕೊಡುವುದಿಲ್ಲ. ಪರಿಣಾಮವಾಗಿ ಒಂದು ನಿಧಾನ ಸಾಧನ ವೇಗದ ಸಾಧನಗಳ ಗತಿಯನ್ನೂ ತನ್ನ ಮಟ್ಟದತ್ತ ಎಳೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್ ಮತ್ತು ಸಹಸಂಶೋಧಕರು 2005ರಲ್ಲಿ ಮಂಡಿಸಿದ ಗಣಿತ ವಿಶ್ಲೇಷಣೆ ಇಂಥ ಜಾಲಗಳ ವರ್ತನೆಯನ್ನು ಅರಿಯಲು ಮಹತ್ವದ್ದು. ಕಳುಹಿಸುವ ಯತ್ನ ಹೆಚ್ಚಿದರೆ ಡಿಕ್ಕಿ ಹೆಚ್ಚುತ್ತದೆ, ಡಿಕ್ಕಿ ಹೆಚ್ಚಿದರೆ ಯತ್ನ ತಗ್ಗುತ್ತದೆ; ಇವೆರಡೂ ಸಮತೋಲಕ್ಕೆ ಬರುವ ಬಿಂದುವನ್ನು ಅದು ಗುರುತಿಸಿತು. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ 2005ರಲ್ಲಿಯೇ ಪರವಾನಗಿಯಿಂದ ಮುಕ್ತವಾಯಿತು. ಒಡೆಯನಿಲ್ಲದ ಈ ಸಾಮಾನ್ಯ ಬಯಲಿನಲ್ಲಿ ಅಂಚಿನ ಮನೆಯನ್ನು ಹೊರಗಿಡದೆ ನಡುವಿನ ಮನೆಗೂ ತೊಡಕಾಗದಂತೆ ಕಾಲವನ್ನು ಹಂಚುವುದು ಸುಲಭವಲ್ಲ.

ಸರದಿಯನ್ನು ಮೊದಲೇ ಹಂಚಿಡುವ ಮಾರ್ಗವೂ ಇದೆ. ಜಿಎಸ್ಎಂ ಮೊಬೈಲ್ ವ್ಯವಸ್ಥೆ ಒಂದು ವಾಹಿನಿಯ ಕಾಲವನ್ನು 8 ಪಾಲು ಮಾಡಿ ಹಂಚಿತು. 2021ರಲ್ಲಿ ಅಂಗೀಕೃತವಾದ 802.11 ಎಎಕ್ಸ್ ಮಾನದಂಡದಲ್ಲಿ ಕೇಂದ್ರವೇ ಯಾರು ಯಾವಾಗ ಕಳುಹಿಸಬೇಕೆಂದು ಸೂಚಿಸಬಲ್ಲದು. ಸವಾಲ್-ಜವಾಬ್ ಈ ಎರಡನೆಯ ಬಗೆಗೆ ಹತ್ತಿರವಾದುದು. ಅಲ್ಲಿ ಯಾವ ಮೇಳವೂ ಚೀಟಿ ಎತ್ತಿ ಕಾಯುವುದಿಲ್ಲ. ಸವಾಲು ಮುಗಿದೊಡನೆ ಜವಾಬಿನ ಹೊಣೆ ಎದುರಿನವರ ಮೇಲೆ ಬೀಳುತ್ತದೆ.

ಈ ಹೋಲಿಕೆಯಿಂದ ನಮ್ಮ ಹಿರಿಯರು ನಿಸ್ತಂತು ತಂತ್ರವನ್ನು ಅರಿತಿದ್ದರೆಂದು ತೀರ್ಮಾನಿಸುವುದು ಜಾನಪದಕ್ಕೂ ವಿಜ್ಞಾನಕ್ಕೂ ಅಪಚಾರ. ಎರಡರ ನಡುವಿನ ವ್ಯತ್ಯಾಸವೇ ಇಲ್ಲಿ ಮುಖ್ಯ. ಗೀಗೀ ಮೇಳದಲ್ಲಿ ಒಂದು ಪಕ್ಷದ ಹಾಡು ಅತಿಯಾಗಿ ಬೆಳೆದರೆ ಕೂಡಿದ ದೈವ ಅದನ್ನು ಗಮನಿಸುತ್ತದೆ, ತನ್ನ ಅಸಮಾಧಾನವನ್ನು ತೋರುತ್ತದೆ. ಹೊತ್ತಿನ ನ್ಯಾಯ ಅಲ್ಲಿ ಕೇಳುಗರ ಕಣ್ಣೆದುರಿಗೇ ನಡೆಯುತ್ತದೆ. ನಿಸ್ತಂತು ಜಾಲದಲ್ಲಿ ಅಂಥ ದೈವವಿಲ್ಲ. ಅಲ್ಲಿನ ನ್ಯಾಯಾನ್ಯಾಯಗಳು ಸಾಧನ ತಯಾರಾಗುವ ಮೊದಲೇ ಮಾನದಂಡದ ಪುಟಗಳಲ್ಲಿ ತೀರ್ಮಾನವಾಗಿರುತ್ತವೆ. ಆದ್ದರಿಂದ ಆ ಪುಟಗಳನ್ನು ತಂತ್ರಜ್ಞರಷ್ಟೇ ಸಮಾಜದ ಅಧ್ಯಯನಕಾರರೂ ಓದಬೇಕಾದ ಅಗತ್ಯವಿದೆ.