ಪುತ್ತೂರಿನ ಚಾಕಲೇಟು, ದಾಂಡೇಲಿಯ ಕೇಕು

ಉತ್ತರ ಕನ್ನಡದ ಘಟ್ಟದ ಮೇಲಿನ ಹಳಿಯಾಳ, ಜೋಯಿಡಾ, ಮುಂಡಗೋಡ, ದಾಂಡೇಲಿ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಸಿಹಿತಿಂಡಿಗೆ ಒಂದೇ ಊರಿನ ರುಚಿಯಿಲ್ಲ. ಹಳಿಯಾಳದವರಿಗೆ ಧಾರವಾಡ ಹತ್ತಿರ, ಹಾಗಾಗಿ ಪೇಡೆಯೂ ಹತ್ತಿರ. ಜೋಯಿಡಾದ ಗಡಿಗೆ ಗೋವಾ ತಾಗಿಕೊಂಡಿದೆ. ಅತ್ತ ಕಡೆಯಿಂದ ಪಾವು ಬಂತು, ರವೆ ಮತ್ತು ತೆಂಗಿನಕಾಯಿ ಹಾಕಿ ಬೇಯಿಸುವ ಬಾತ್ ಕೇಕೂ ಬಂತು. 1966ರಿಂದ ಟಿಬೆಟನ್ನರು ನೆಲೆಸಿರುವ ಮುಂಡಗೋಡದ ಕ್ಯಾಂಪುಗಳಲ್ಲಿ ಲೊಸರ್ ಹಬ್ಬಕ್ಕೆ ಖಪ್ಸೆ ಕರಿಯುತ್ತಾರೆ. ಕಾಗದ ಕಾರ್ಖಾನೆಯಿಂದ ಬೆಳೆದ ದಾಂಡೇಲಿಗಂತೂ ದುಡಿಯಲು ಬಂದವರೆಲ್ಲ ತಮ್ಮ ತಮ್ಮ ಊರಿನ ಹಬ್ಬದಡುಗೆಯನ್ನೂ ಜೊತೆಗೆ ತಂದರು.

ಇಷ್ಟು ಬೇರೆ ಬೇರೆ ನಾಲಿಗೆಗಳಿಗೆ ಈಗ ಸಮಾನವಾಗಿ ಒಗ್ಗಿರುವ ಒಂದು ಸಿಹಿಯೆಂದರೆ ಚಾಕಲೇಟ್ ಕೇಕು. ಮಗುವಿನ ಹುಟ್ಟುಹಬ್ಬ, ಮೇಷ್ಟ್ರ ನಿವೃತ್ತಿ, ಹೊಸ ಅಂಗಡಿಯ ಪೂಜೆ, ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ಮಾಡಲು ಬಂದು ರೆಸಾರ್ಟಿನಲ್ಲಿ ಉಳಿದವರ ಮದುವೆ ವಾರ್ಷಿಕೋತ್ಸವ, ಎಲ್ಲಕ್ಕೂ ಕೇಕು ಬೇಕು. ಬೇಕರಿಯ ಗಾಜಿನ ಕಪಾಟಿನ ಬ್ಲ್ಯಾಕ್ ಫಾರೆಸ್ಟ್ ಜೊತೆಗೆ, ಮನೆಯಲ್ಲೇ ಕೇಕ್ ಮಾಡಿ ವಾಟ್ಸ್‌ಆ್ಯಪ್ ಸ್ಟೇಟಸ್ ಮೂಲಕ ಆರ್ಡರ್ ಹಿಡಿಯುವ ಹೆಣ್ಣುಮಕ್ಕಳ ಸಣ್ಣ ಉದ್ಯಮವೂ ಬೆಳೆದಿದೆ. ಒಂದು ಓವನ್, ಒಂದು ಬೀಟರ್, ಒಂದು ಫ್ರಿಜ್ ಇದ್ದರೆ ಕೆಲಸ ಶುರು. ಮಳೆಗಾಲದಲ್ಲಿ ಕರೆಂಟ್ ಹೋದರೆ ಕ್ರೀಮ್ ಕರಗುವ ಆತಂಕ, ಕಾಡಿನ ತಿರುವು ರಸ್ತೆಯಲ್ಲಿ ಎರಡಂತಸ್ತಿನ ಕೇಕು ಅಲುಗದೆ ತಲುಪಿಸುವ ಕಷ್ಟ, ಇವನ್ನೆಲ್ಲ ಗೆದ್ದು ನಿಂತ ಉದ್ಯಮ ಇದು. ಇದರ ಬಗ್ಗೆ ನನಗೆ ತುಂಬ ಗೌರವವಿದೆ. ಆ ಗೌರವದಿಂದಲೇ ಒಂದು ಮಾತು ಹೇಳಬೇಕಾಗಿದೆ: ಚಾಕಲೇಟ್ ಕೇಕಿನ ವ್ಯಾಪಾರ ಬೆಳೆಯುವುದೂ ನಿಲ್ಲುವುದೂ ಅದರೊಳಗಿನ ಚಾಕಲೇಟಿನ ಗುಣದಿಂದ. ಆ ಚಾಕಲೇಟನ್ನು ಅಡಿಕೆ ಬೆಳೆಗಾರರೇ ಸೇರಿ ಕಟ್ಟಿದ ಕಾರ್ಖಾನೆಯೊಂದು ನಮ್ಮ ರಾಜ್ಯದಲ್ಲೇ ತಯಾರಿಸುತ್ತಿದೆ.

ಆ ಕಾರ್ಖಾನೆ ಪುತ್ತೂರಿನ ಕೆಮ್ಮಿಂಜೆಯಲ್ಲಿದೆ. ಅದನ್ನು ನಡೆಸುವ ಸಂಸ್ಥೆ ಕ್ಯಾಂಪ್ಕೊ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ನೆಲಕಚ್ಚಿತು. ವ್ಯಾಪಾರಿ ಹೇಳಿದ್ದೇ ದರ, ಬೆಳೆಗಾರನ ಮಾತಿಗೆ ಬೆಲೆಯಿಲ್ಲ ಎಂಬ ಸ್ಥಿತಿ. ಆಗ ಅಡ್ಯನಡ್ಕದ ಕೃಷಿಕ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಒಂದಾದರು. 1973ರ ಜುಲೈ 11ರಂದು ಮಂಗಳೂರಿನಲ್ಲಿ ಎರಡೂ ರಾಜ್ಯಗಳ ಜಂಟಿ ಸಹಕಾರಿ ಸಂಘವಾಗಿ ಕ್ಯಾಂಪ್ಕೊ ಹುಟ್ಟಿತು. ಮೊದಲಿಗೆ ಅದರ ಕೆಲಸ ಅಡಿಕೆ ಕೊಳ್ಳುವುದು, ಮಾರುವುದು, ಅಷ್ಟೇ.

ಕೊಕ್ಕೊ ಅದರ ಮಡಿಲಿಗೆ ಬಿದ್ದದ್ದು ಇನ್ನೊಂದು ಸಂಕಟದಿಂದ. ದಕ್ಷಿಣ ಅಮೆರಿಕದ ಮೂಲದ ಈ ಗಿಡ 1798ರಲ್ಲೇ ತಮಿಳುನಾಡಿನ ಕುರ್ತಾಳಕ್ಕೆ ಬಂದಿತ್ತಾದರೂ ತೋಟದ ಬೆಳೆಯಾಗಲಿಲ್ಲ. 1960ರ ದಶಕದಲ್ಲಿ ಕ್ಯಾಡ್ಬರಿ ಕಂಪನಿ ಕೇರಳದ ವಯನಾಡಿನಲ್ಲಿ ಪ್ರಯೋಗ ಮಾಡಿ, ಆಮೇಲೆ ಅಡಿಕೆ–ತೆಂಗಿನ ತೋಟಗಳಲ್ಲಿ ಮಧ್ಯಬೆಳೆಯಾಗಿ ಹಬ್ಬಿಸಿತು. ಅಡಿಕೆ ಮರದ ನೆರಳು ಕೊಕ್ಕೊಗೆ ಹಿತ, ಕೊಕ್ಕೊ ಎಲೆ ಉದುರಿ ಅಡಿಕೆ ಬುಡಕ್ಕೆ ಗೊಬ್ಬರ. ರೈತರು ಉತ್ಸಾಹದಿಂದ ನೆಟ್ಟರು. 1980ರ ಹೊತ್ತಿಗೆ ಜಾಗತಿಕ ಬೆಲೆ ಕುಸಿಯಿತು, ಖರೀದಿ ಕುಗ್ಗಿತು, ಹಣ್ಣು ಗಿಡದಲ್ಲೇ ಕೊಳೆಯತೊಡಗಿತು. ಗಿಡ ಕಡಿದು ಹಾಕಿದ ರೈತರೂ ಇದ್ದರು. ಕರ್ನಾಟಕ, ಕೇರಳ ಸರ್ಕಾರಗಳ ಕೋರಿಕೆಯ ಮೇರೆಗೆ ಕ್ಯಾಂಪ್ಕೊ ಕೊಕ್ಕೊ ಖರೀದಿಗೆ ಇಳಿಯಿತು. ಬೀಜವನ್ನು ಒಣಗಿಸಿ ಹೊರದೇಶಕ್ಕೂ ಕಳಿಸಿತು.

ಅಲ್ಲಿಗೇ ನಿಂತಿದ್ದರೆ ಅದು ಇನ್ನೊಂದು ಖರೀದಿ ಸಂಘವಾಗಿ ಉಳಿಯುತ್ತಿತ್ತು. ಬೀಜ ಮಾರುವವನಿಗೆ ದರ ಕಟ್ಟುವವರು ಯಾವಾಗಲೂ ಬೇರೆಯವರೇ ಎಂಬುದನ್ನು ಭಟ್ಟರೂ ಅವರ ಸಂಗಾತಿಗಳೂ ಅಡಿಕೆಯಿಂದಲೇ ಕಲಿತಿದ್ದರು. ನಾವೇ ಚಾಕಲೇಟ್ ಮಾಡೋಣ ಎಂದು ಹೊರಟರು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಪುತ್ತೂರಿನ ಕಾರ್ಖಾನೆಯನ್ನು ಉದ್ಘಾಟಿಸಿದರು. ತೋಟದ ಕೆಸರು ಮೆಟ್ಟುವ ಜನ ಬಹುರಾಷ್ಟ್ರೀಯ ಕಂಪನಿಗಳ ಕೋಟೆಯಂತಿದ್ದ ಉದ್ಯಮಕ್ಕೆ ಕಾಲಿಟ್ಟದ್ದು ಕರ್ನಾಟಕದ ಸಹಕಾರಿ ಚರಿತ್ರೆಯಲ್ಲಿ ದೊಡ್ಡ ಘಟನೆ. ಇದಕ್ಕೆ ಸಲ್ಲಬೇಕಾದಷ್ಟು ಹೆಸರು ಇನ್ನೂ ಸಂದಿಲ್ಲ ಎಂದೇ ನನ್ನ ಭಾವನೆ. ಮುಂದೆ ನೆಸ್ಲೆಯಂಥ ಕಂಪನಿಗೂ ಇಲ್ಲಿಂದ ಚಾಕಲೇಟ್ ತಯಾರಾಗಿ ಹೋಯಿತು. ವರ್ಷಕ್ಕೆ 20 ಸಾವಿರ ಟನ್ನಿಗಿಂತ ಹೆಚ್ಚು ತಯಾರಿಸುವ ಸಾಮರ್ಥ್ಯ ಇಂದು ಅದಕ್ಕಿದೆ. ಕ್ಯಾಂಪ್ಕೊ ಬಾರ್, ಮೆಲ್ಟೊ, ಟರ್ಬೊ, ಹಾಲಿಗೆ ಬೆರೆಸುವ ವಿನ್ನರ್ ಪುಡಿ ಕರಾವಳಿಯ ಮಕ್ಕಳಿಗೆ ಚಿರಪರಿಚಿತ ಹೆಸರುಗಳು.

ಕೊಕ್ಕೊ ಚಾಕಲೇಟಾಗುವ ಬಗೆಯನ್ನು ಕೇಕ್ ಮಾಡುವವರು ತಿಳಿದಿರುವುದು ಒಳ್ಳೆಯದು. ಕಾಯಿಯೊಳಗೆ ಬಿಳಿ ಲೋಳೆಯಲ್ಲಿ ಮೂವತ್ತು, ನಲವತ್ತು ಬೀಜಗಳಿರುತ್ತವೆ. ಹಸಿ ಬೀಜಕ್ಕೆ ಚಾಕಲೇಟಿನ ಘಮವೇ ಇಲ್ಲ, ಕಹಿ ಒಗರು ಮಾತ್ರ. ಅದನ್ನು ಪೆಟ್ಟಿಗೆಯಲ್ಲಿ ತುಂಬಿ, ನಡುನಡುವೆ ಮಗುಚಿ, ಐದಾರು ದಿನ ಹುಳಿಯಲು ಬಿಡಬೇಕು. ರುಚಿಯ ಬೀಜ ಬೀಳುವುದು ಇಲ್ಲಿ. ಮೂರು ಕಿಲೊ ಹಸಿ ಬೀಜ ಒಣಗಿ ಸುಮಾರು ಒಂದು ಕಿಲೊ ಆಗುತ್ತದೆ. ಆಮೇಲೆ ಹುರಿಯುವುದು, ಸಿಪ್ಪೆ ತೂರುವುದು, ಅರೆಯುವುದು. ಅರೆದಂತೆ ಬೀಜದೊಳಗಿನ ಕೊಬ್ಬು ಕರಗಿ ಇಡೀ ಮುದ್ದೆ ದ್ರವವಾಗುತ್ತದೆ. ಒತ್ತಿ ಹಿಂಡಿದರೆ ಒಂದೆಡೆ ಕೊಕ್ಕೊ ಬೆಣ್ಣೆ, ಇನ್ನೊಂದೆಡೆ ಕೊಕ್ಕೊ ಪುಡಿ.

ಎಲ್ಲ ಗುಟ್ಟೂ ಈ ಬೆಣ್ಣೆಯಲ್ಲಿದೆ. ಅದು ಕರಗುವುದು ಸುಮಾರು 34 ಡಿಗ್ರಿಯಲ್ಲಿ, ನಮ್ಮ ಬಾಯಿಯ ಬಿಸಿಗಿಂತ ತುಸು ಕೆಳಗೆ. ಒಳ್ಳೆಯ ಚಾಕಲೇಟು ನಾಲಿಗೆಯ ಮೇಲೆ ತಾನಾಗಿ ಕರಗಲು ಇದೇ ಕಾರಣ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಕಾಂಪೌಂಡ್ ಸ್ಲ್ಯಾಬಿನಲ್ಲಿ ಈ ಬೆಣ್ಣೆಯ ಬದಲು ಸಸ್ಯಜನ್ಯ ಕೊಬ್ಬು ಇರುತ್ತದೆ. ಕರಗಿಸುವುದು ಸುಲಭ, ಕರಗಿಸಿ ತಣಿಸಿ ಹದಗೊಳಿಸುವ ಟೆಂಪರಿಂಗ್‌ನ ಗೋಜಿಲ್ಲ, ಸೆಕೆಗೂ ಬೇಗ ಸೋಲುವುದಿಲ್ಲ. ಕೇಕಿನ ಮೇಲಿನ ಅಲಂಕಾರದ ತುಂಡುಗಳಿಗೆ ಅದನ್ನು ಬಳಸಿದರೆ ನನ್ನ ತಕರಾರಿಲ್ಲ. ಆದರೆ ಟ್ರಫಲ್ ಕೇಕಿನ ಗನಾಶ್‌ಗೆ ಅದನ್ನೇ ಸುರಿದರೆ ತಿಂದ ಮೇಲೆ ಅಂಗುಳಿನಲ್ಲಿ ಮೇಣದಂಥ ಜಿಡ್ಡು ಉಳಿಯುತ್ತದೆ. ಸಮತೂಕದ ಬಿಸಿ ಕ್ರೀಮಿಗೆ ನಿಜವಾದ ಡಾರ್ಕ್ ಚಾಕಲೇಟ್ ಹಾಕಿ ಕಲಸಿದ ಗನಾಶ್ ಒಮ್ಮೆ ತಿಂದ ಗಿರಾಕಿ ಯಾರೂ ಹೇಳದೆಯೇ ಎರಡರ ವ್ಯತ್ಯಾಸವನ್ನು ಗುರುತಿಸುತ್ತಾನೆ.

ಚಾಕಲೇಟ್ ಕೇಕನ್ನು ನೆಚ್ಚಿ ದೊಡ್ಡ ವ್ಯಾಪಾರ ಕಟ್ಟಬಹುದೇ ಎಂದು ಕೇಳುವವರಿಗೆ ಬೆಂಗಳೂರಿನ ಕಾರ್ನರ್ ಹೌಸ್ ಉತ್ತರ. ನಾರಾಯಣ ರಾವ್ 1982ರಲ್ಲಿ ರೆಸಿಡೆನ್ಸಿ ರಸ್ತೆಯಲ್ಲಿ ಆರಂಭಿಸಿದ ಐಸ್‌ಕ್ರೀಮ್ ಮಳಿಗೆ ಅದು. ಚಾಕಲೇಟ್ ಕೇಕಿನ ಮೇಲೆ ಐಸ್‌ಕ್ರೀಮ್, ಅದರ ಮೇಲೆ ಬಿಸಿ ಚಾಕಲೇಟ್ ಸಾಸ್, ಕಡಲೆಬೀಜ, ಒಂದು ಚೆರಿ. ‘ಡೆತ್ ಬೈ ಚಾಕಲೇಟ್’ ಎಂಬ ಆ ಒಂದು ತಿನಿಸು ಬೆಂಗಳೂರಿನ ಗುರುತುಗಳಲ್ಲೇ ಒಂದಾಯಿತು, ಮಳಿಗೆಗಳು ಬಡಾವಣೆ ಬಡಾವಣೆಗೂ ಹಬ್ಬಿದವು. ಮೈಸೂರಿನಲ್ಲಿ 2012ರಲ್ಲಿ ಅರ್ಥ್ ಲೋಫ್ ಎಂಬ ಹೆಸರಿನಲ್ಲಿ ಆರಂಭವಾಗಿ ಈಗ ನವಿಲುನಾ ಆಗಿರುವ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು: ದಕ್ಷಿಣ ಭಾರತದ ತೋಟಗಳ ಬೀಜವನ್ನೇ ತಂದು ಸಣ್ಣ ಪ್ರಮಾಣದಲ್ಲಿ ಅರೆದು ಚಾಕಲೇಟ್ ಮಾಡುವುದು.

ನಮ್ಮ ತಾಲ್ಲೂಕುಗಳ ಕಡೆ ಮತ್ತೆ ಬರೋಣ. ಇಲ್ಲಿ ಕೊಕ್ಕೊ ಬೆಳೆಯಬಹುದೇ? ಹಳಿಯಾಳದ ಕಬ್ಬು, ಭತ್ತದ ಬಯಲಿಗೆ ಅದು ಹೇಳಿಸಿದ್ದಲ್ಲ. ನೀರಿರುವ ಅಡಿಕೆ ತೋಟಗಳಲ್ಲಿ, ಅದರಲ್ಲೂ ಜೋಯಿಡಾದ ಕಣಿವೆ ತೋಟಗಳಲ್ಲಿ, ನೆರಳೂ ತೇವವೂ ಇದೆ. ತೊಡಕುಗಳೂ ಅಷ್ಟೇ ಇವೆ. ಮಂಗ, ಕೆಂಜಳಿಲುಗಳಿಗೆ ಕೊಕ್ಕೊ ಹಣ್ಣು ಬಲು ಪ್ರೀತಿ. ಜಡಿಮಳೆಯಲ್ಲಿ ಕಾಯಿ ಕಪ್ಪಾಗಿ ಕೊಳೆಯುತ್ತದೆ. ಅಡಿಕೆಯ ಕೊಳೆರೋಗದ ಬಳಗದ್ದೇ ರೋಗ ಅದು, ಬೋರ್ಡೋ ದ್ರಾವಣ ಇದಕ್ಕೂ ಬೇಕು. ಬಿಡಿಸಿದ ಹಸಿ ಬೀಜ ಹೆಚ್ಚು ಹೊತ್ತು ಇಡುವಂಥದ್ದಲ್ಲ, ಕೊಳ್ಳುವ ಕೇಂದ್ರ ಹತ್ತಿರವಿರದಿದ್ದರೆ ಬೆಳೆದು ಪ್ರಯೋಜನವಿಲ್ಲ. ಹತ್ತಾರು ತೋಟಗಳವರು ಸೇರಿ ಹುಳಿಬರಿಸುವ ಪೆಟ್ಟಿಗೆಗಳನ್ನು ಇಟ್ಟುಕೊಂಡು ಒಣಬೀಜವನ್ನೇ ಮಾರಿದರೆ ಈ ತೊಡಕು ನೀಗುತ್ತದೆ. ಕೊಕ್ಕೊ ಬೇಸಾಯದ ಬಗ್ಗೆ ತಿಳಿಯಲು ವಿಟ್ಲದ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರವಿದೆ.

ಬೆಲೆಯ ಏರಿಳಿತ ಈಗಲೂ ತಪ್ಪಿಲ್ಲ. ಐವರಿ ಕೋಸ್ಟ್, ಘಾನಾಗಳಲ್ಲಿ ಬೆಳೆ ಕೈಕೊಟ್ಟು 2024ರಲ್ಲಿ ಕೊಕ್ಕೊ ಟನ್ನಿಗೆ 10 ಸಾವಿರ ಡಾಲರ್ ದಾಟಿತು. ಕೇರಳದಲ್ಲಿ ಒಣಬೀಜ ಕಿಲೊಗೆ ಸಾವಿರ ರೂಪಾಯಿ ಆಸುಪಾಸಿಗೆ ಏರಿತು. ಬೆಳೆಗಾರ ನಕ್ಕ, ಕೇಕ್ ಮಾಡುವವಳು ಲೆಕ್ಕದ ಪುಸ್ತಕ ತೆರೆದು ಕೂತಳು. 2025ರ ಸೆಪ್ಟೆಂಬರ್‌ನಲ್ಲಿ ಚಾಕಲೇಟ್, ಕೇಕುಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದದ್ದು ಈ ಸಣ್ಣ ಉದ್ಯಮಕ್ಕೆ ಸಿಕ್ಕ ಉಸಿರು.

ಮನೆಯ ಒಲೆಯಿಂದ ಪುಟ್ಟ ಬೇಕರಿಗೆ ಜಿಗಿಯಬೇಕೆನ್ನುವವರು 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯನ್ನು ವಿಚಾರಿಸಬೇಕು. ಯೋಜನೆಯ ಶೇ 35 ಸಹಾಯಧನಕ್ಕೆ ಕರ್ನಾಟಕ ತನ್ನ ಶೇ 15 ಸೇರಿಸಿ ಅರ್ಧದಷ್ಟು, ಗರಿಷ್ಠ 15 ಲಕ್ಷ ರೂಪಾಯಿವರೆಗೆ ನೆರವು ಗೊತ್ತುಮಾಡಿತ್ತು. ಅರ್ಜಿ ಹಾಕುವ ಮುನ್ನ ಈಗಿನ ನಿಯಮಗಳನ್ನು ಜಿಲ್ಲೆಯ ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ. ಆಹಾರ ಸುರಕ್ಷತಾ ನೋಂದಣಿಯನ್ನೂ ಮರೆಯದೆ ಮಾಡಿಸಿ. ಮುಂದಿನ ಸಲ ಸ್ಲ್ಯಾಬ್ ಕೊಳ್ಳುವಾಗ ಹಿಂಬದಿಯ ಸಣ್ಣಕ್ಷರದ ಪಟ್ಟಿ ಓದಿ, ಕೊಕ್ಕೊ ಬೆಣ್ಣೆ ಇದ್ದರೆ ಮಾತ್ರ ಗನಾಶ್‌ಗೆ ಆರಿಸಿಕೊಳ್ಳಿ. ಕೇಕ್ ಕೊಳ್ಳುವವರೂ ಕೇಳಿ ಕೊಳ್ಳಿ, ಒಳ್ಳೆಯ ಚಾಕಲೇಟ್ ಬಳಸುವವರಿಗೆ ನಾಲ್ಕು ಕಾಸು ಹೆಚ್ಚು ಕೊಡಿ.