ಯೂನಿಕೋಡ್ ಫಾಂಟ್ ಅಲ್ಲ

"ಯೂನಿಕೋಡ್ ಫಾಂಟಲ್ಲಿ ಕಳಿಸಿ ಸಾರ್, ನುಡಿ ನಮ್ಮಲ್ಲಿ ಓಪನ್ ಆಗಲ್ಲ." ಡಿಟಿಪಿ ಅಂಗಡಿಯಿಂದ ಹಿಡಿದು ಸರ್ಕಾರಿ ಕಚೇರಿಯವರೆಗೆ ಕೇಳಿಬರುವ ಮಾತಿದು. ಕೆಲಸವೇನೋ ನಡೆದುಹೋಗುತ್ತದೆ. ಆದರೆ ಇಷ್ಟು ಚಿಕ್ಕ ಮಾತಿನಲ್ಲೇ ಎರಡು ತಪ್ಪು ತಿಳಿವಳಿಕೆ ಕೂತಿವೆ.

ಯೂನಿಕೋಡ್ ಒಂದು ಫಾಂಟ್ ಎಂಬುದು ಮೊದಲನೆಯದು. ಫಾಂಟ್ ಎಂದರೆ ಅಕ್ಷರದ ರೂಪ. ಯೂನಿಕೋಡ್ ಎಂದರೆ ಅಕ್ಷರಕ್ಕೆ ಕೊಟ್ಟ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನ ಮೀಸಲಾಯಿತು. ಅದರಲ್ಲಿ 'ಕ'ದ ಸಂಖ್ಯೆ 3221. ತುಂಗಾ ಫಾಂಟಿನಲ್ಲಿ ನೋಡಿದರೂ ನೋಟೊ ಫಾಂಟಿನಲ್ಲಿ ನೋಡಿದರೂ ಕಡತದೊಳಗೆ ಇರುವುದು ಅದೇ 3221.

ಹಳೆಯ ನುಡಿ ಫಾಂಟುಗಳ ದಾರಿ ಬೇರೆ. ಕಂಪ್ಯೂಟರಿಗೆ ಕನ್ನಡ ಗೊತ್ತಿಲ್ಲದ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ರೂಪಗಳನ್ನು ಕೂರಿಸಿದರು. ಜಾಣತನದ ಉಪಾಯವೇ ಸರಿ. 'ಕ'ದ ಒಡಲು ಇಂಗ್ಲಿಷಿನ 'ಪಿ' ಜಾಗದಲ್ಲಿ, ಅದರ ತಲೆಕಟ್ಟು ಇನ್ನೊಂದು ಚಿಹ್ನೆಯ ಜಾಗದಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರ್ ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ. ನಾವು "ಫೈಲ್ ಕೆಟ್ಟಿದೆ" ಅನ್ನುತ್ತೇವೆ. ಕೆಟ್ಟಿಲ್ಲ, ಅದರಲ್ಲಿ ಕನ್ನಡ ಎಂದೂ ಇರಲೇ ಇಲ್ಲ! ಎಲ್ಲವನ್ನೂ ಸೆಲೆಕ್ಟ್ ಮಾಡಿ ಫಾಂಟ್ ಬದಲಿಸಿದರೆ ಅದು ಸರಿಹೋಗದಿರುವುದೂ ಇದಕ್ಕೇ, ಕನ್ವರ್ಟರಿಗೆ ಹಾಕಲೇಬೇಕು. ಅಕ್ಷರಗಳ ಕ್ರಮವೂ ಬೇರೆ. 'ಸೂರ್ಯ'ದ ಒತ್ತಕ್ಷರದಲ್ಲಿ ನಾವು ಮೊದಲು ಉಚ್ಚರಿಸುವುದು ರಕಾರ, ಯೂನಿಕೋಡ್ ಇಟ್ಟುಕೊಳ್ಳುವುದೂ ಹಾಗೆಯೇ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಂಡಂತೆ ಯಕಾರದ ಆಚೆಗೆ ಹೋಗಿ ಕೂರುತ್ತದೆ. ಅಂಥ ಕಡತದಲ್ಲಿ ಅಕಾರಾದಿ ಪಟ್ಟಿ ಮಾಡಹೊರಟವರ ಪಾಡು ಕೇಳಬೇಡಿ.

ಎರಡನೆಯದು, ನುಡಿ ಬೇರೆ, ಯೂನಿಕೋಡ್ ಬೇರೆ ಎಂಬ ನಂಬಿಕೆ. ನುಡಿ ಕನ್ನಡ ಟೈಪ್ ಮಾಡುವ ಒಂದು ತಂತ್ರಾಂಶ, 'ಬರಹ' ಎಂಬುದೂ ಅಷ್ಟೇ. ಎರಡರಲ್ಲೂ ಯೂನಿಕೋಡ್ ಆಯ್ಕೆ ಇದೆ. ಒತ್ತಿದರಾಯಿತು, ಬೆರಳಿಗೆ ಹೊಸ ಪಾಠ ಬೇಕಿಲ್ಲ.

ಬೆರಳಿನ ಮಾತು ಬಂದಾಗ ಮತ್ತೊಂದು ವಾದ ಎದುರಾಗುತ್ತದೆ: ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದೇ ಬೇಗ. ನುಡಿಯಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ 'ಕನ್ನಡ' ಎನ್ನಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಒತ್ತು ಸಾಕು. ಇಂಗ್ಲಿಷ್ ಕಾಗುಣಿತಕ್ಕೆ ಏಳು ಬೇಕು. ಬೇಗ ಅನ್ನಿಸುವುದು ರೂಢಿಯಿಂದ.

ಕನ್ನಡದ ಮೆಸೇಜಿಗೆ ಡೇಟಾ ಹೆಚ್ಚು ಎಂಬ ಇನ್ನೊಂದು ದೂರು ಲೆಕ್ಕದಲ್ಲಿ ನಿಜ, ಜೇಬಿಗೆ ಸುಳ್ಳು. ಇಂಗ್ಲಿಷಿನ ಅಕ್ಷರಕ್ಕೆ ಸಾಮಾನ್ಯವಾಗಿ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೆ ಮೂರು. ಬೆಳಗಾದರೆ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರದ ತೂಕದಲ್ಲಿ ಪುಟಗಟ್ಟಲೆ ಕನ್ನಡ ಕಳಿಸಬಹುದು. ಎಸ್‌ಎಂಎಸ್ ವಿಷಯದಲ್ಲಿ ಮಾತ್ರ ದೂರು ಸರಿಯಾದದ್ದೇ: ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70. ಆ 70 ಕೂಡ ನಾವು ಎಣಿಸುವ ಅಕ್ಷರಗಳಲ್ಲ, ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಎಂದು ಬರೆದರೆ ಅಲ್ಲಿಗೇ ಆರು ಖರ್ಚು.