ಮನೆಯಲ್ಲಿಯೇ ತಯಾರಿಸಬಹುದಾದ ಎಫ್.ಎಂ. ಆಂಟೆನಾ

ನಮ್ಮ ದೇಶದಲ್ಲಿ ಆಕಾಶವಾಣಿಯ ಎಫ್.ಎಂ. ಪ್ರಸಾರವು 1977ರ ಜುಲೈ 23ರಂದು ಅಂದಿನ ಮದರಾಸಿನಲ್ಲಿ ಪ್ರಾರಂಭವಾಯಿತು. ಧ್ವನಿಯ ಸ್ಪಷ್ಟತೆಯೇ ಈ ಪ್ರಸಾರದ ಹಿರಿಮೆ. ಆದರೂ ಮಹಾನಗರಗಳ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವ ಅನೇಕರ ಮನೆಗಳಲ್ಲಿ ಬೆಲೆಬಾಳುವ ಸ್ಟೀರಿಯೋ ಸೆಟ್ಟು ಕೂಡ ಗೊರಗೊರ ಸದ್ದು ಮಾಡುವುದುಂಟು. ಇಂತಹ ಸಂದರ್ಭಗಳಲ್ಲಿ ದೋಷವು ಬಹುಮಟ್ಟಿಗೆ ಸೆಟ್ಟಿನದಲ್ಲ, ಅದರ ಹಿಂದೆ ಜೋತುಬಿದ್ದಿರುವ ತುಂಡು ತಂತಿಯದು. ಅಲ್ಪ ಖರ್ಚಿನಲ್ಲಿ ಇದಕ್ಕೆ ಪರಿಹಾರವನ್ನು ಮನೆಯಲ್ಲಿಯೇ ಕಂಡುಕೊಳ್ಳಬಹುದು.

ತತ್ತ್ವ

ಎಫ್.ಎಂ. ಪ್ರಸಾರವು ಸುಮಾರು 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಕಂಪನಾಂಕಗಳಲ್ಲಿ ನಡೆಯುತ್ತದೆ. 300ನ್ನು ಕಂಪನಾಂಕದಿಂದ ಭಾಗಿಸಿದರೆ ತರಂಗಾಂತರವು ಮೀಟರುಗಳಲ್ಲಿ ದೊರೆಯುತ್ತದೆ. 100 ಮೆಗಾಹರ್ಟ್ಸ್‌ಗೆ ಇದು 3 ಮೀಟರ್. ತರಂಗಾಂತರದ ಅರ್ಧದಷ್ಟು ಉದ್ದದ ತಂತಿಯು ಆ ತರಂಗವನ್ನು ಚೆನ್ನಾಗಿ ಗ್ರಹಿಸುತ್ತದೆ. ವಾಸ್ತವದಲ್ಲಿ ತಂತಿಯು ಇದಕ್ಕಿಂತ ಶೇಕಡಾ 5ರಷ್ಟು ಕಡಿಮೆ ಇರಬೇಕಾದುದರಿಂದ 143ನ್ನು ಕಂಪನಾಂಕದಿಂದ ಭಾಗಿಸುವುದು ಸುಲಭವಾದ ಲೆಕ್ಕ. 100 ಮೆಗಾಹರ್ಟ್ಸ್‌ಗೆ ಒಟ್ಟು ಉದ್ದ 1.43 ಮೀಟರ್, ಅಂದರೆ ಸುಮಾರು 71 ಸೆಂಟಿಮೀಟರಿನ ಎರಡು ತೋಳುಗಳು. ಇದೇ ಅಳತೆಯು ಇತರ ಎಫ್.ಎಂ. ಕೇಂದ್ರಗಳಿಗೂ ಸಾಕಾಗುತ್ತದೆ.

ಬೇಕಾಗುವ ಸಾಮಗ್ರಿಗಳು

ಒಂದೂವರೆ ಮೀಟರ್ ತಾಮ್ರದ ತಂತಿ, ಅಷ್ಟೇ ಉದ್ದದ ಮರದ ಪಟ್ಟಿ ಅಥವಾ ಪಿ.ವಿ.ಸಿ. ಕೊಳವೆ, ಕೇಬಲ್ ಟಿ.ವಿ.ಗೆ ಬಳಸುವ 75 ಓಮ್‌ನ ಕೇಬಲ್, ಸೆಟ್ಟಿಗೆ ಹೊಂದುವ ಪ್ಲಗ್ ಮತ್ತು ಟೇಪು. ಲೋಹದ ಕೊಳವೆಯನ್ನು ಬಳಸಬಾರದು.

ತಯಾರಿಸುವ ಕ್ರಮ

ತಂತಿಯನ್ನು 71 ಸೆಂಟಿಮೀಟರಿನ ಎರಡು ತುಂಡುಗಳಾಗಿ ಕತ್ತರಿಸಿ, ಪಟ್ಟಿಯ ಮೇಲೆ ಒಂದೇ ಸಾಲಿನಲ್ಲಿ ಕಟ್ಟಬೇಕು. ನಡುವೆ ಒಂದೆರಡು ಸೆಂಟಿಮೀಟರ್ ಅಂತರವಿರಲಿ. ಕೇಬಲ್ಲಿನ ಒಳತಂತಿಯನ್ನು ಒಂದು ತೋಳಿನ ಒಳತುದಿಗೂ, ಹೊರಗಿನ ಜಾಲರಿಯನ್ನು ಮತ್ತೊಂದು ತೋಳಿನ ಒಳತುದಿಗೂ ಬೆಸೆಯಬೇಕು. ಇವೆರಡೂ ಪರಸ್ಪರ ತಗುಲಬಾರದು. ಬೆಸುಗೆಯ ಮೇಲೆ ಟೇಪು ಸುತ್ತಿ, ಕೇಬಲ್ಲಿನ ಇನ್ನೊಂದು ತುದಿಗೆ ಪ್ಲಗ್ ಜೋಡಿಸಿ, ಸೆಟ್ಟಿನ ಎಫ್.ಎಂ. ಆಂಟೆನಾ ಕಿಂಡಿಗೆ ಸಿಕ್ಕಿಸಬೇಕು. ಹಳೆಯ ಸೆಟ್ಟುಗಳಲ್ಲಿ 300 ಓಮ್ ಎಂದು ಗುರುತಿಸಿದ ಎರಡು ತಿರುಪುಗಳಷ್ಟೇ ಇದ್ದಲ್ಲಿ, ಟಿ.ವಿ. ಬಿಡಿಭಾಗಗಳ ಅಂಗಡಿಯಲ್ಲಿ ದೊರೆಯುವ ಬಾಲನ್ ಎಂಬ ಚಿಕ್ಕ ಸಾಧನವನ್ನು ನಡುವೆ ಜೋಡಿಸಬೇಕು.

ಇರಿಸುವ ಸ್ಥಳ

ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳು ತರಂಗಗಳನ್ನು ತಡೆಯುತ್ತವೆ. ಆದುದರಿಂದ ಆಂಟೆನಾವನ್ನು ಕಿಟಕಿಯ ಬಳಿ, ಸಾಧ್ಯವಾದಷ್ಟು ಎತ್ತರದಲ್ಲಿ ಇರಿಸುವುದು ಲೇಸು. ತೋಳುಗಳ ತುದಿಯು ಪ್ರಸಾರ ಗೋಪುರದತ್ತ ಚಾಚಿರಬಾರದು. ಪಟ್ಟಿಯ ಅಗಲವು ಗೋಪುರಕ್ಕೆ ಎದುರಾಗಿರಬೇಕು. ಗೋಪುರವು ಉತ್ತರಕ್ಕಿದ್ದರೆ ಪಟ್ಟಿಯನ್ನು ಪೂರ್ವ-ಪಶ್ಚಿಮವಾಗಿ ಇಡಬೇಕು. ಧ್ವನಿ ಒಡೆದಂತೆ ಕೇಳಿದರೆ, ಎದುರಿನ ಕಟ್ಟಡಗಳಿಗೆ ತಾಗಿ ಮರಳಿದ ತರಂಗಗಳು ಅದಕ್ಕೆ ಕಾರಣವಿರಬಹುದು. ಒಂದೆರಡು ಅಡಿ ಸರಿಸಿದರೂ ವ್ಯತ್ಯಾಸ ತಿಳಿಯುತ್ತದೆ. ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿಯೂ ಪರೀಕ್ಷಿಸಬಹುದು.

ಎಚ್ಚರಿಕೆ

ಆಂಟೆನಾವನ್ನು ಮಾಳಿಗೆಯ ಮೇಲೆ ನಿಲ್ಲಿಸುವವರು ವಿದ್ಯುತ್ ತಂತಿಗಳಿಂದ ಬಹುದೂರ ಇರತಕ್ಕದ್ದು. ಜಾರಿದ ಕಂಬವೊಂದು ವಿದ್ಯುತ್ ತಂತಿಗೆ ತಗುಲಿದರೆ ಪ್ರಾಣಕ್ಕೇ ಅಪಾಯ. ಲೋಹದ ಕಂಬಕ್ಕೆ ಬಲ್ಲ ವಿದ್ಯುತ್ ಕೆಲಸಗಾರರಿಂದ ಭೂಸಂಪರ್ಕ ಮಾಡಿಸಬೇಕು. ಗುಡುಗು ಸಮೀಪಿಸುವ ಮುನ್ನವೇ ಪ್ಲಗ್ಗನ್ನು ಕಿತ್ತಿರಿಸಬೇಕು. ಸಿಡಿಲಿನ ವೇಳೆ ಅದನ್ನು ಮುಟ್ಟಬಾರದು. ಯಾವ ಕಾರಣಕ್ಕೂ ಆಂಟೆನಾ ತಂತಿಯನ್ನು ಮನೆಯ ವಿದ್ಯುತ್ ಸಾಕೆಟ್ಟಿಗೆ ಜೋಡಿಸಬಾರದು.

ಮಿತಿ ಮತ್ತು ಪ್ರಯೋಜನ

ಎಫ್.ಎಂ. ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಕುಳಿತು ಬೆಂಗಳೂರಿನ ಎಫ್.ಎಂ. ಕೇಂದ್ರವನ್ನು ಈ ಆಂಟೆನಾದಿಂದ ಕೇಳಲಾಗದು. ದೂರದ ಕನ್ನಡ ಪ್ರಸಾರಕ್ಕೆ ಅಂತರಜಾಲವೇ ಅನುಕೂಲಕರ. ಆದರೆ ಅಂತರಜಾಲವು ಸದಾ ಇರುವುದೆಂದು ನೆಚ್ಚುವಂತಿಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈ ನಗರವು ಜಲಾವೃತವಾದಾಗ ಅನೇಕ ಬಡಾವಣೆಗಳಲ್ಲಿ ವಿದ್ಯುತ್ತು, ದೂರವಾಣಿ ಎರಡೂ ನಿಂತುಹೋಗಿದ್ದವು. ಅಂತಹ ವೇಳೆಯಲ್ಲಿ ಬ್ಯಾಟರಿಯ ರೇಡಿಯೋ ಆಸರೆಯಾಗಬಲ್ಲದು. ಕೇಬಲ್ಲಿನ ಒಳತಂತಿಯನ್ನು ಅದರ ಉದ್ದ ಕಡ್ಡಿಗೆ ಕ್ಲಿಪ್ಪಿನಿಂದ ಸಿಕ್ಕಿಸಿದರೆ, ಸಂಗೀತಕ್ಕೆಂದು ಮಾಡಿದ ಈ ಆಂಟೆನಾವೇ ಸ್ಥಳೀಯ ಕೇಂದ್ರದ ಎಚ್ಚರಿಕೆಯ ಸೂಚನೆಗಳನ್ನು ಮನೆಯೊಳಗೆ ತಲುಪಿಸಲು ನೆರವಾಗುತ್ತದೆ.